ಚುಕ್ಕಿ ಗೆರಿಯೊಳಗಿನ ಕೈ

ನನಗ ಹೊಸಾ ಮಷೀನಂದ್ರ ಮೊದಲಿಂದ ಹುಚ್ಚು. ಊರಾಗ ಮಂದಿ ರೇಡಿಯೋ ಬಿಚ್ಚಿ ಕೂಡಸ್ತಾ ಕುಂತು ಸಾಲಿ ಬಿಟ್ಟಾವ ನಾ. ಇಪ್ಪತ್ತಮೂರಕ್ಕ ಹತ್ತನೇತ್ತಾ ಪಾಸಾದೆ. ಆಮ್ಯಾಲೆ ಐಟಿಐದಾಗ ಡ್ರಾಫ್ಟ್ಸ್‌ಮನ್ ಕೆಲಸ ಕಲತು ಹೈದರಾಬಾದಿಗೆ ಬಂದೆ. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನ್ಯಾಗ ಕಂಪ್ಯೂಟರ್ ಮ್ಯಾಲೆ ಡ್ರಾಯಿಂಗ್ ತಗಿಯೋದು ಕಲತೆ. ಬಾಜೂಕ ಕುಂದ್ರೋ ಹುಡುಗ್ರು ಹತ್ತೂ ಬೆರಳಿಲೆ ಟಪಟಪ ಹೊಡಿತಿದ್ರು. ನಂದು ಎರಡ ಬೆರಳು. ಇವತ್ತಿಗೂ ಎರಡ. ಇದನ್ನೂ ಹಂಗ ಬರಿಯಾಕತ್ತೀನಿ, ಒಂದೊಂದ ಅಕ್ಷರ ಹುಡುಕಿ ಹುಡುಕಿ.

ಆಗ ಹೈದರಾಬಾದಿನ್ಯಾಗ ಎಲ್ಲಿ ನೋಡಿದ್ರೂ ಸಾಫ್ಟ್‌ವೇರ್ ಮಾತು. ಇರಾನಿ ಹೋಟೆಲಿನ್ಯಾಗ ಬಿಸ್ಕೀಟ್ ಅದ್ದಿ ಚಾ ಕುಡಿಯಾವ್ರೂ ಜಾವಾ ಬಗ್ಗೆ ಮಾತಾಡತಿದ್ರು. ನಾನೂ ಹಿಂದ ಬೀಳಬಾರದು ಅಂತ ಪೇಜರ್ ತಗೊಂಡೆ. ತಗೊಂಡ ಮ್ಯಾಲೆ ಗೊತ್ತಾತು, ನನಗ ಮೆಸೇಜ್ ಕಳಸಾವ್ರು ಯಾರೂ ಇಲ್ಲಂತ. ಆಮ್ಯಾಲೆ ಕಡ್ಡಿಲೆ ಬರಿಯೋ ಅಂಗೈ ಕಂಪ್ಯೂಟರ್ ಒಂದು ಸೆಕೆಂಡ್ ಹ್ಯಾಂಡಿನ್ಯಾಗ ತಂದೆ. ಅದಕ್ಕ ನನ್ನ ಅಕ್ಷರ ತಿಳೀಲಿಲ್ಲ. ನಮ್ಮ ಮಾಸ್ತರಿಗೂ ತಿಳೀತಿರಲಿಲ್ಲ, ಆದ್ರ ಮಾಸ್ತರು ಛಡಿ ತಗೋತಿದ್ರು, ಇದು ಮತ್ತೊಮ್ಮೆ ಬರೀರಿ ಅಂತ ಮರ್ಯಾದಿಲೆ ಕೇಳತಿತ್ತು. ಅಷ್ಟ ಸುಧಾರಣಿ. ಸಾಫ್ಟ್‌ವೇರಿನ ಹೊಸಾ ವರ್ಷನ್ ಅಂದ್ರ ಏನಂತ ಕೇಳಿದ್ರ, ಮನಿಗೆ ಬಂದ ಬೀಗರು ನಾವಿಲ್ಲದಾಗ ಅಡಗಿಮನಿ ಡಬ್ಬಿ ಎಲ್ಲಾ ತಮಗ ತಿಳಿದಂಗ ಜೋಡಿಸಿಟ್ಟು, ಭಾಳ ಚಲೋ ಮಾಡೀವಿ ಅಂತ ಹೇಳಿ ಹೋದಂಗ. ಮೂರು ದಿನ ಉಪ್ಪು ಸಿಗಂಗಿಲ್ಲ.

ನನಗ ನೌಕರಿ ಸಿಕ್ಕಿದ್ದು ಅಮೀರ್‌ಪೇಟದ ಒಂದು ಪೇಟೆಂಟ್ ಆಫೀಸಿನ್ಯಾಗ, ವಕೀಲರದು. ಪೇಟೆಂಟ್ ಅಂದ್ರ, ನಾ ಇದನ್ನ ಕಂಡುಹಿಡದೀನಿ, ಹೆಂಗ ಮಾಡೋದಂತ ಎಲ್ಲಾ ಬಿಚ್ಚಿ ಹೇಳತೀನಿ, ಆದ್ರ ಇಷ್ಟು ವರ್ಷ ನೀವ್ಯಾರೂ ಮಾಡಬ್ಯಾಡ್ರಿ ಅಂತ ಸರ್ಕಾರದ ಸಿಕ್ಕಾ ಹಾಕಿಸ್ಕೊಳ್ಳೋದು. ವರ್ಷ ಮುಗದ ಮ್ಯಾಲೆ ಅದು ಎಲ್ಲಾರದೂ. ಅಲ್ಲಿ ಬರಿಯೋ ಭಾಷಾನ ಬ್ಯಾರೆ. ಸ್ಕ್ರೂಗೆ ಸ್ಕ್ರೂ ಅನ್ನಂಗಿಲ್ಲ, ಬಿಗಿ ಮಾಡುವ ಸಾಧನ ಅಂತಾರ. ಚಿತ್ರ ತಗಿಯೋದು ನನ್ನ ಕೆಲಸ. ನಮ್ಮ ಮೇಡಂ ಮೈಸೂರಿನವ್ರು, ನನಗಿಂತ ಸಣ್ಣಾಕಿ, ಭಾಳ ಶಾಣ್ಯಾ. ಮೊದಲನೇ ವಾರ ನಾ ಒಂದು ಪೆನ್ನು ಹಿಡಿದ ಕೈ ಬರದು ತೋರಿಸಿದ್ರ ನಕ್ರು.

"ಚೆನ್ನಾಗಿದೆ ಸರ್. ಆದ್ರೆ ಕೈಗೆ ಚುಕ್ಕಿ ಗೆರೆ ಹಾಕಿ. ಕೈ ನಮ್ ಇನ್ವೆನ್ಷನ್ ಅಲ್ವಲ್ಲ. ಯಾವ್ದು ನಮ್ದಲ್ವೋ ಅದೆಲ್ಲಾ ಚುಕ್ಕಿ."

ನನಗ ಈ ಕಾಯ್ದೆ ಭಾಳ ಹಿಡಿಸ್ತು. ರೂಲ್ ಅಂದ್ರ ಹಿಂಗಿರಬೇಕು ಅನಸ್ತು. ಪೇಟೆಂಟಿನ ಪುಸ್ತಕ ಮನಿಗೆ ಒಯ್ದು ಓದತಿದ್ದೆ. ಅರ್ಧ ತಿಳೀತಿತ್ತು. ಆ ಅರ್ಧದ್ದ ಈ ಕಥಿ.

ಮನಿ ಅಂದ್ರ ಬಾಲಾನಗರದಾಗ ಒಂದು ತಗಡಿನ ಖೋಲಿ. ನನ್ನ ಜೋಡಿ ಒಬ್ಬ ಅಣ್ಣಾ ಇರತಿದ್ದ. ಸ್ವಂತ ಅಣ್ಣಾ ಅಲ್ಲ, ನಮ್ಮ ಬಾಜೂ ತಾಲೂಕಿನಾವ, ನನಗಿಂತ ಹತ್ತು ವರ್ಷ ದೊಡ್ಡಾವ. ಹತ್ರದ ಒಂದು ಶೆಡ್ಡಿನ್ಯಾಗ ಪವರ್ ಪ್ರೆಸ್ ಮ್ಯಾಲೆ ಕೆಲಸ. ಕಂಪ್ಯೂಟರ್ ಡಬ್ಬಿಗಿ ಹಿಂದ ಹಾಕೋ ಸಣ್ಣ ತಗಡಿನ ಪಟ್ಟಿ ಹೊಡಿತಿದ್ದ. ಊರೆಲ್ಲಾ ಸಾಫ್ಟ್‌ವೇರ್ ಅಂತ ಕುಣೀತಿತ್ತು, ಡಬ್ಬಿ ಮಾತ್ರ ನಮ್ಮ ಶೆಡ್ಡಿನ್ಯಾಗ ತಯಾರಾಗತಿತ್ತು. ಎಡಗೈಲೆ ತಗಡ ಇಡಬೇಕು, ಕಾಲಿಲೆ ಪೆಡಲ್ ಒತ್ತಬೇಕು, ಮ್ಯಾಲಿಂದ ಪಂಚ್ ಧಡಕ್ ಅಂತ ಬೀಳತೈತಿ, ಬಲಗೈಲೆ ಪಟ್ಟಿ ತಗೀಬೇಕು. ಕಾಲು ಮತ್ತ ಕೈ ಒಂದಕ್ಕೊಂದು ಮಾತಾಡಲಿಲ್ಲಂದ್ರ ಮುಗೀತು.

ಒಂದ್ಸಲ ಅಣ್ಣಂದು ಉಗುರು ಕರ್ರಗಾಗಿ ಬಂದ. ಅವತ್ತಿಂದ ಅವ ಏನೋ ವಿಚಾರ ಮಾಡಾಕತ್ತಿದ್ದ. ಒಂದು ವಾರದಾಗ ಮಾಡೇ ಬಿಟ್ಟ. ಸೈಕಲ್ ಬ್ರೇಕಿನ ಎರಡು ತಂತಿ, ಒಂದು ತುದಿ ಪ್ರೆಸ್ಸಿನ ಮ್ಯಾಲಿನ ಭಾಗಕ್ಕ, ಇನ್ನೊಂದು ತುದಿಗಿ ಹಳೇ ವಾಚಿನ ಪಟ್ಟಿ. ಪಟ್ಟಿ ಮಣಿಕಟ್ಟಿಗೆ ಕಟ್ಟಿಗೋಬೇಕು. ಪಂಚ್ ಕೆಳಗ ಬರೂಮುಂದ ತಂತಿ ತಾನ ಕೈ ಹಿಂದಕ್ಕ ಎಳೀತಿತ್ತು. ಮನಶ್ಯಾ ಮರತ್ರೂ ತಂತಿ ಮರಿಯಂಗಿಲ್ಲ.

ನಾ ರಜಾದಿನ ನೋಡಾಕ ಹೋದೆ. ಬಾಜೂ ಪ್ರೆಸ್ಸಿನಾವ ಅವಂಗ ಕಾಡಸ್ತಿದ್ದ:

"ಏನ್ ಮಾಮಾ, ದನಾ ಕಟ್ಟಿದಂಗ ದಾವಣಿಗಿ ಕಟ್ಟಿಸ್ಕೊಂಡೀಯಲ್ಲಾ. ಹುಲ್ಲು ಹಾಕ್ಲೇನು?"

"ನಿನ್ನ ಕೈ ಹೋದ ದಿನ ನಾ ನಿನಗ ಹುಲ್ಲು ತಿನಸ್ತೀನಿ ಬಾ ಮಗನ," ಅಂದ ಅಣ್ಣ. ಎಲ್ಲಾರೂ ನಕ್ರು. ಅವ ನಗಲಿಲ್ಲ, ಪೆಡಲ್ ಒತ್ತಿದ, ತಂತಿ ಕೈ ಎಳೀತು. ಮತ್ತ ಒತ್ತಿದ. ನನಗ ಇದು ಪೇಟೆಂಟ್ ಆಗತೈತಿ ಅನಸ್ತು.

ಅವತ್ತ ಸಂಜಿಕ ಹೇಳಿದೆ. "ಅಣ್ಣಾ, ಇದನ್ನ ಬಿಚ್ಚಿ ಇಡು."

"ಯಾಕ?"

"ಶೆಡ್ಡಿನಾವ್ರು ನೋಡಿದ್ದು ಸಾಕು. ಅರ್ಜಿ ಹಾಕೋಕಿಂತ ಮೊದಲ ಎಲ್ಲಾರೂ ನೋಡಿದ್ರ ಅದು ಹೊಸಾದು ಅನಸ್ಕೊಳ್ಳಂಗಿಲ್ಲ. ಪೇಟೆಂಟ್ ಹೋಗತೈತಿ. ವಕೀಲರು ಎಲ್ಲಾ ಪಾರ್ಟಿಗೂ ಇದ ಹೇಳತಾರ, ನಾ ಕೇಳೀನಿ."

"ಕೈ ಉಳಸಾಕ ಮಾಡಿದ್ದು ಮಾರಾಯಾ ಅದು. ಬಿಚ್ಚಿ ಇಟ್ರ ಏನು ಬಂತು?"

"ಒಂದ ತಿಂಗಳು. ನಾ ಇಂಗ್ಲೀಷಿನ್ಯಾಗ ಟೈಪ್ ಮಾಡಿ ಮುಗಸೂತನ. ಮೇಡಂಗ ಕೇಳಿದ್ರ ಫುಕ್ಕಟ ನೋಡಿ ಕೊಡತಾರ. ಆಮ್ಯಾಲೆ ನಿನ್ನ ಹೆಸರು ದಿಲ್ಲಿಮಟ ಹೋಗತೈತಿ."

ಓದಿದಾವ ಹೇಳಾಕತ್ತಾನ ಅಂತ ಅವನ ಲೆಕ್ಕ. "ಆತು ಇಂಜಿನಿಯರ್ ಸಾಹೇಬ್ರ," ಅಂದ. ನಾ ಇಂಜಿನಿಯರ್ ಅಲ್ಲ ಅಂತ ಅವಂಗ ಗೊತ್ತಿತ್ತು, ಆದ್ರೂ ಹಂಗ ಕರೀತಿದ್ದ. ಮರುದಿನ ತಂತಿ ಬಿಚ್ಚಿ ತನ್ನ ತಗಡಿನ ಪೆಟ್ಟಿಗ್ಯಾಗ ಅರಿವಿ ಕೆಳಗ ಇಟ್ಟ, ಕೀಲಿ ಹಾಕಿದ.

ಚಿತ್ರಕ್ಕ ಅವನ ಬಲಗೈ ಬೇಕಾಗಿತ್ತು. ಖೋಲ್ಯಾಗ ಅವನ್ನ ಕಿಟಕಿ ಹತ್ರ ಕುಂದರಿಸಿ, ಕೈ ಅರ್ಧ ಮಡಚಿ ಹಿಡಿ ಅಂತ ಹೇಳಿ, ಹಾಳಿ ಮ್ಯಾಲೆ ಬರಕೊಂಡು ಆಫೀಸಿನ್ಯಾಗ ಕಂಪ್ಯೂಟರಿಗೆ ಏರಿಸಿದೆ. ಚುಕ್ಕಿ ಗೆರಿ. ಚಿತ್ರ ಎರಡು ದಿನದಾಗ ಮುಗೀತು. ಟೈಪಿಂಗ್ ಮುಗೀಲಿಲ್ಲ. ಆಫೀಸು ಬಿಟ್ಟ ಮ್ಯಾಲೆ ದಿನಾ ಅರ್ಧ ಪುಟ. ಒಂದು ತಿಂಗಳಂದದ್ದು ಎರಡಾತು. ಅಣ್ಣಾ ಕೇಳತಿದ್ದ: "ಎಷ್ಟನೇ ಪುಟ?" "ಆರು." "ಎಷ್ಟನೇ ಪುಟ?" "ಎಂಟು." ಅವ ಬೆರಳು ಮಡಚಿ ಎಣಸ್ತಿದ್ದ.

ಒಂಬತ್ತನೇ ಪುಟದಾಗ ಇದ್ದೆ. ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಆಫೀಸಿನ ಫೋನಿಗೆ ಶೆಡ್ಡಿನಿಂದ ಕರಿ ಬಂತು. ದಾವಣಿ ಅಂತ ಕಾಡಸ್ತಿದ್ನಲ್ಲಾ, ಅವನ. "ಭಾಯ್, ಜಲ್ದಿ ಬಾ," ಅಂದ. ಅಳಾಕತ್ತಿದ್ದ.

ಬಲಗೈ. ಹೆಬ್ಬೆರಳು, ಕಿರುಬೆರಳು ಉಳದಿದ್ವು, ನಡುವಿನ ಮೂರೂ ಹೋಗಿದ್ವು. ದವಾಖಾನಿಯೊಳಗ ಕೈಗಿ ದೊಡ್ಡ ಬಟ್ಟಿ ಗಂಟು ಕಟ್ಟಿದ್ರು. ನಾ ಹೋಗಿ ನಿಂತೆ. ಅವನ ಸಣ್ಣ ದನಿಲೆ ಅಂದ:

"ತಮ್ಮಾ, ಅದು ಪೆಟ್ಟಿಗ್ಯಾಗ ಹಂಗ ಐತಿ. ಆಮ್ಯಾಲೆ ಯಾರೂ ನೋಡಿಲ್ಲ. ನೀ ಟೈಪ್ ಮುಗಸು."

ಮೂರು ದಿನದಾಗ ಮುಗಸಿದೆ. ಹನ್ನೊಂದು ಪುಟ. ಮೇಡಂಗ ಕೊಟ್ಟೆ. ಅವ್ರು ಓದಿ, ಇರಿ ಒಂದ್ನಿಮಿಷ ಅಂತ ಕಂಪ್ಯೂಟರಿನ್ಯಾಗ ಹುಡುಕಾಕತ್ರು. ನಾ ಇನ್ನೂ ಅಲ್ಲೇ ನಿಂತಿದ್ದೆ. ಹತ್ತು ನಿಮಿಷನೂ ಆಗಿರಲಿಕ್ಕಿಲ್ಲ.

"ಸರ್, ಇದು ಆಗ್ಲೇ ಇದೆ. ಹೊರದೇಶದ್ದು, ತುಂಬಾ ಹಳೇದು. ನೋಡಿ, ಮಣಿಕಟ್ಟಿಗೆ ಪಟ್ಟಿ, ತಂತಿ, ಎಲ್ಲಾ ಇದೇ. ಅವಧಿನೂ ಮುಗಿದು ಎಷ್ಟೋ ಕಾಲ ಆಯ್ತು. ಯಾರು ಬೇಕಾದ್ರೂ ಮಾಡ್ಕೊಬಹುದು, ಯಾರೂ ಕೇಳಲ್ಲ." ಆಮ್ಯಾಲೆ ನನ್ನ ಕಡೆ ತಿರುಗಿ, "ಮೊದ್ಲು ಹುಡುಕ್ಬೇಕಿತ್ತಲ್ವಾ ಸರ್? ಅದ್ಬಿಟ್ಟು ಎರಡು ತಿಂಗ್ಳು ಟೈಪ್ ಮಾಡ್ತಾ ಕೂತಿದ್ರಾ?"

ಅವ್ರಿಗೆ ಅಣ್ಣನ ಕೈ ವಿಷಯ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಣ್ಣಗೂ ಹೇಳಲಿಲ್ಲ. ಅವ ಊರಿಗೆ ಹೋಗಿ ಆರು ತಿಂಗಳು ಬಿಟ್ಟು ತಿರುಗಿ ಬಂದ. ಶೆಡ್ಡಿನ ಮಾಲಕ ಸೇಠ್ ಅವನ್ನ ಅಲ್ಲೇ ಗೇಟ್ ಕಾಯಾಕ ಕುಂದ್ರಿಸಿದ. ನಾ ಅಷ್ಟೊತ್ತಿಗೆ ಖೋಲಿ ಬದಲಿಸಿದ್ದೆ. ಆಫೀಸು ದೂರ ಆಗತೈತಿ ಅಂತ ಕಾರಣ ಹೇಳಿದ್ದೆ. ಅವ ತಿಂಗಳಿಗೊಮ್ಮೆ ಫೋನ್ ಮಾಡತಿದ್ದ. ಊಟ ಆತೇನು, ಊರಿಗೆ ಹೋಗಿದ್ದೇನು ಅಂತೆಲ್ಲಾ ಕೇಳಿ ಕಡೀಕ ಕೇಳತಿದ್ದ: "ನಮ್ಮದು ಎಲ್ಲಿಗೆ ಬಂತು?"

"ಲೈನಿನ್ಯಾಗ ಐತಿ ಅಣ್ಣಾ. ಸರ್ಕಾರದ ಕೆಲಸ, ಟೈಮ್ ಹಿಡಿತೈತಿ."

"ಹಿಡೀಲಿ ಹಿಡೀಲಿ."

ಇತ್ತಾಗ ಆಫೀಸಿನ್ಯಾಗ ಇನ್ನೊಂದು ಶುರುವಾತು. ಕಂಪ್ಯೂಟರಿನ್ಯಾಗ ಒಮ್ಮೆ ಬರದ ಚಿತ್ರ ಕಡ್ಯಾಕ ತಗದಿಟ್ರ ಎಲ್ಲಿ ಬೇಕಾದಲ್ಲಿ ಮತ್ತ ಅಂಟಸಬಹುದು. ಅಣ್ಣನ ಕೈ ಹಂಗ ಉಳದಿತ್ತು. ಮೇಡಂ ಅದನ್ನ ನೋಡಿ, "ಎಷ್ಟ್ ಚೆನ್ನಾಗಿದೆ ಈ ಕೈ, ಎಲ್ಲಾದಕ್ಕೂ ಇದನ್ನೇ ಹಾಕಿ," ಅಂದ್ರು. ಬ್ಯಾಡ ಅನ್ನಾಕ ನನ್ನ ಕಡೆ ಕಾರಣ ಇರಲಿಲ್ಲ. ಇತ್ತು, ಬಾಯಿಗೆ ಬರಲಿಲ್ಲ. ಅವತ್ತಿಂದ ಆ ಕೈ ಏನೇನು ಹಿಡೀತು! ಮೊಬೈಲ್ ಹಿಡೀತು, ಟಿವಿ ರಿಮೋಟ್ ಹಿಡೀತು, ಸಕ್ಕರಿ ಕಾಯಿಲಿ ಸೂಜಿ ಹಿಡೀತು, ಕಾರಿನ ಗೇರ್ ಹಿಡೀತು. ಊರಿನ ಶಾಣ್ಯಾ ಮಂದಿ ಕಂಡುಹಿಡಿದದ್ದೆಲ್ಲಾ ಹಿಡ್ಕೊಂಡು ದಿಲ್ಲಿಗೆ ಹೋತು, ಹೊರದೇಶಕ್ಕ ಹೋತು. ಐದೂ ಬೆರಳು ಅದಾವ, ಚುಕ್ಕಿ ಗೆರಿಯಾಗ. ಉಗುರಿನ ಮ್ಯಾಲಿನ ಕರೀ ಗುರುತು ಮಾತ್ರ ನಾ ಬರದಿರಲಿಲ್ಲ. ದಿನಾ ಕಂಪ್ಯೂಟರ್ ತಗದ್ರ ಆ ಕೈ ಮೊದಲ ಬಂದು ಪರದೆ ಮ್ಯಾಲೆ ನಿಂತಿರತಿತ್ತು, ಏನರ ಕೊಡು ಅಂದಂಗ. ನಾ ಅದನ್ನ ಸಣ್ಣದು ಮಾಡಿ, ದೊಡ್ಡದು ಮಾಡಿ, ತಿರುವಿ ಬ್ಯಾರೆ ಕೈ ಅನ್ನೋ ಹಂಗ ಮಾಡಾಕ ನೋಡಿದೆ. ಎಡಗೈ ಮಾಡಿದ್ರೂ ಅವಂದ.

ಐದು ವರ್ಷ ಹಿಂಗ ನಡೀತು. ಒಂದು ದಿನ ತಡಕೊಳ್ಳಾಕ ಆಗಲಿಲ್ಲ. ಆ ಹಳೇ ಪೇಟೆಂಟಿನ ಹಾಳಿ ಪ್ರಿಂಟ್ ತಗೊಂಡು ಮಧ್ಯಾನದಾಗ ಬಾಲಾನಗರಕ್ಕ ಹೋದೆ. ಅವ ಗೇಟಿನ ಬಾಜೂಕ ಸ್ಟೂಲ್ ಮ್ಯಾಲೆ ಕುಂತಿದ್ದ. ಒಳಗ ಪ್ರೆಸ್ಸಿನ ಸಪ್ಪಳ. ಯಾವ ಪ್ರೆಸ್ಸಿಗೂ ತಂತಿ ಇರಲಿಲ್ಲ.

"ಬಂತೇನು ಕಾಗದಾ?" ಅಂತ ನನ್ನ ಕೈಯಾಗಿನ ಹಾಳಿ ನೋಡಿ ಎದ್ದು ನಿಂತ.

ಹೇಳಿದೆ. ಇದನ್ನ ಯಾರೋ ನಮಗಿಂತ ಎಷ್ಟೋ ಮೊದಲ ಮಾಡಿದ್ರು, ನಮಗ ಪೇಟೆಂಟ್ ಸಿಗತಿರಲೇ ಇಲ್ಲ ಅಂದೆ. ಅವ ಹಾಳಿ ಇಸ್ಕೊಂಡು ಚಿತ್ರ ನೋಡಿದ. ಸಿಟ್ಟು ಬರತೈತಿ ಅನ್ಕೊಂಡಿದ್ರ ಮಾರಿ ಅರಳ್ತು.

"ಇದ! ತಂತಿ ನೋಡು, ಇಲ್ಲಿಂದ ಹಿಂಗ! ನಾ ಮಾಡಿದ್ದ ಇದು. ಅಂದ್ರ ನಂದು ಖರೇ ಇತ್ತು." ಆಮ್ಯಾಲೆ ಕೇಳಿದ: "ಆ ಮನಶ್ಯಾಂದೂ ಕೈ ಹೋಗಿತ್ತೇನು?"

"ಅದನ್ನ ಇದರಾಗ ಬರಿಯಂಗಿಲ್ಲ ಅಣ್ಣಾ."

"ಹೌದೇನು." ಮತ್ತ ಚಿತ್ರ ನೋಡಿದ. ಅವನ ಮಾರಿ ಮ್ಯಾಲೆ ಆ ಖುಷಿ ಮೆಲ್ಲಕ ಇಳದು ಹೋಗೋದು ನಾ ನೋಡಿದೆ. "ಹಂಗಾರ ಬಿಚ್ಚೋದು ಬೇಕಾಗಿರಲಿಲ್ಲ."

"ಇರಲಿಲ್ಲ."

"ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು, ನಿನ್ನೆ ಅಂತ. "ಅದ ವಾರ," ಅಂದೆ. "ನೀ ದವಾಖಾನ್ಯಾಗ ಇದ್ದಾಗ."

ಅವ ಹಾಳಿ ಮಡಚಾಕ ಹೋದ. ಒಂದ ಕೈಲೆ ಆಗಲಿಲ್ಲ, ಎದಿಗೆ ಒತ್ತಿ ಹಿಡದು ಮಡಚಿ, ಅಂಗಿ ಕಿಸೆದಾಗ ಇಟ್ಟ. ನಾ ಕೈ ಮುಂದ ಮಾಡಿದ್ದೆ, ನೋಡಲಿಲ್ಲ. ಅಷ್ಟೊತ್ತಿಗೆ ತಗಡು ತುಂಬಿದ ಲಾರಿ ಬಂದು ಹಾರ್ನ್ ಹೊಡೀತು.

"ಬಾಜೂಕ ಸರೀರಿ," ಅಂದ ನನಗ. ಅಷ್ಟು ವರ್ಷದಾಗ ಅವ ನನಗ 'ರಿ' ಹಚ್ಚಿ ಮಾತಾಡಿದ್ದು ಅದ ಮೊದಲು, ಚಾಷ್ಟಿ ಇಲ್ಲದ.

ಸರದೆ. ಲಾರಿ ಒಳಗ ಹೋತು. ಅವ ಎಡಗೈಲೆ ಗೇಟ್ ಎಳದು ಅಗಳಿ ಹಾಕಿದ. ನಾ ಹೊರಗ ಇದ್ದೆ.