ಕ್ಯಾಮೆರಾಕ್ಕೆ ಹಾಸು ಹೊದಿಸಿದ ದೊಡ್ಡಕ್ಕ

ಆಸ್ಪತ್ರೆಗಳ ಹಾಸು, ದಿಂಬಿನ ಗವಸುಗಳನ್ನು ಒಗೆದು ಕೊಡುವ ಆ ದೊಡ್ಡ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ದೊಡ್ಡಕ್ಕ ಎಂದೇ. ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಹೊರಬರುವ ಹಾಸುಗಳನ್ನು ಇಪ್ಪತ್ತಾರು ವರ್ಷಗಳಿಂದ ಮಡಿಸುತ್ತ ಬಂದವಳು. ಮಡಿಸುವುದು ಇಬ್ಬರ ಕೆಲಸ. ಒಬ್ಬಳು ಆ ತುದಿ, ಇನ್ನೊಬ್ಬಳು ಈ ತುದಿ ಹಿಡಿದು ಜಗ್ಗಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹೀಗೆ ದಿನಕ್ಕೆ ನೂರಾರು ಸಲ ಮುಖಾಮುಖಿಯಾಗುವವರ ನಡುವೆ ಗುಟ್ಟೆಂಬುದು ಉಳಿಯುವುದಿಲ್ಲ.

ದೊಡ್ಡಕ್ಕನ ಜೊತೆಗಾತಿಗೆ ಮದುವೆಯಾಗಿ ನಾಲ್ಕು ವರ್ಷ. ದೊಡ್ಡಕ್ಕ ಅವಳನ್ನು ತಂಗಿ ಎನ್ನುತ್ತಿದ್ದಳು. ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿತ್ತು. ಮೂರನೆಯ ಸಲ ನಿಂತಾಗ ಹಾಸಿನ ಮೂಲೆ ಕೂಡಿಸುವ ನೆಪದಲ್ಲಿ ಅವಳು ಪಿಸುಗುಟ್ಟಿದ್ದಳು:

“ನಿಮಗೊಬ್ಬರಿಗೇ ಹೇಳ್ತಿರೋದು ಅಕ್ಕಾ. ಅವರಿಗೂ ಹೇಳಿಲ್ಲ. ಹೋದ ಸಲ ನನಗಿಂತ ಅವರೇ ಜಾಸ್ತಿ ಅತ್ತಿದ್ರು. ಮೂರು ತಿಂಗಳು ತುಂಬಲಿ, ಆಮೇಲೆ ನಾನೇ ಹೇಳ್ತೀನಿ.”

ಲಾಂಡ್ರಿಯಲ್ಲಿ ಕ್ಯಾಮೆರಾಗಳು ಮೊದಲೂ ಇದ್ದವು. ಧೂಳು ಹಿಡಿದ ಅವುಗಳ ಕಡೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆ ವರ್ಷ ಮ್ಯಾನೇಜರು ಹೊಸ ಸಾಫ್ಟ್‌ವೇರ್ ತರಿಸಿದರು. “ಇನ್ಮೇಲೆ ಯಾರೂ ಕೂತ್ಕೊಂಡು ನೋಡಬೇಕಾಗಿಲ್ಲ, ಕಂಪ್ಯೂಟರೇ ನೋಡುತ್ತೆ” ಎಂದು ಎಲ್ಲರನ್ನೂ ನಿಲ್ಲಿಸಿಕೊಂಡು ಹೆಮ್ಮೆಯಿಂದ ಹೇಳಿದರು. ಬಾಗಿಲ ಪಕ್ಕದ ಪರದೆಯಲ್ಲಿ ಒಬ್ಬೊಬ್ಬರ ಸುತ್ತಲೂ ಒಂದೊಂದು ಚೌಕ, ತಲೆಯ ಮೇಲೆ ಒಂದು ನಂಬರು. ಕೈ ಆಡುತ್ತಿದ್ದರೆ ಚೌಕ ಹಸಿರು, ನಿಂತರೆ ಕೆಂಪು.

“ಮನೇಲಿ ನಮ್ಮತ್ತೆ ಒಬ್ರು ಸಾಲದು ಅಂತ ಇಲ್ಲೂ ಒಬ್ರನ್ನ ತಂದು ಕೂರಿಸಿದ್ರಲ್ಲಪ್ಪ” ಎಂದು ಯಾರೋ ಅಂದರು. ಎಲ್ಲರ ಜೊತೆ ದೊಡ್ಡಕ್ಕನೂ ನಕ್ಕು ಸುಮ್ಮನಾದಳು. ನೋಡಿಕೊಳ್ಳಲಿ, ನನ್ನ ಕೆಲಸದಲ್ಲಿ ಹುಳುಕಿಲ್ಲ ಎಂಬುದು ಅವಳ ಧೈರ್ಯ.

ಒಂದು ಬೆಳಿಗ್ಗೆ ಮ್ಯಾನೇಜರು ಕೈಯಲ್ಲೊಂದು ಹಾಳೆ ಹಿಡಿದು ಬಂದರು.

“ಇಪ್ಪತ್ತೆರಡನೇ ನಂಬರು ಯಾರು?”

ತಂಗಿ ಕೈ ಎತ್ತಿದಳು.

“ಹೋದ ತಿಂಗಳು ನೀನು ದಿನಕ್ಕೆ ಮೂರು ಸಲ ಟಾಯ್ಲೆಟ್ಟಿಗೆ ಹೋಗ್ತಿದ್ದೆ. ಈಗ ಒಂಬತ್ತು ಸಲ ಅಂತ ತೋರಿಸ್ತಿದೆ. ಏನಮ್ಮಾ, ವಿಶೇಷಾನಾ?”

ಅವರು ನಗುನಗುತ್ತಲೇ ಕೇಳಿದ್ದರು. ತಂಗಿಯ ಬಿಳಿಚಿಕೊಂಡ ಮುಖ ಎಲ್ಲವನ್ನೂ ಹೇಳಿಬಿಟ್ಟಿತು. ಒಗೆಯುವ ವಿಭಾಗದಲ್ಲಿ ಅವಳ ನಾದಿನಿಯೇ ಕೆಲಸಕ್ಕಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಅತ್ತೆಯ ಕಿವಿ ಮುಟ್ಟಿ, ಅಲ್ಲಿಂದ ಗಂಡನಿಗೂ ಹೋಯಿತು. ಫೋನಿನಲ್ಲಿ ಅವನು ಕೇಳಿದ್ದು ಒಂದೇ ಮಾತು: “ನನಗ್ಯಾಕೆ ಹೇಳಲಿಲ್ಲ?”

ತಂಗಿ ಗೋಡೆಗೆ ಒರಗಿ ಅಳುತ್ತ ನಿಂತಳು. ಪರದೆಯ ಮೇಲೆ ಅವಳ ಸುತ್ತ ಕೆಂಪು ಚೌಕ ಮೂಡಿತು.

ಅದನ್ನು ಕಂಡಿದ್ದೇ ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮಡಿಸಿಟ್ಟ ಹಾಸೊಂದನ್ನು ಎಳೆದುಕೊಂಡಳು. ಶೌಚಾಲಯದ ದಾರಿಗೆ ಸ್ಟೂಲು ಒಯ್ದು ಹತ್ತಿ, ಅಲ್ಲಿನ ಕ್ಯಾಮೆರಾಕ್ಕೆ ಹಾಸು ಹೊದಿಸಿ ನಾಲ್ಕು ಕ್ಲಿಪ್ಪು ಸಿಕ್ಕಿಸಿದಳು. ಇಳಿದು ಬಂದು ಮತ್ತೆ ಮಡಿಸತೊಡಗಿದಳು. ಪರದೆ ಕೀಚ್ ಕೀಚ್ ಎಂದು ಬಡಿದುಕೊಂಡಿತು. ಮ್ಯಾನೇಜರು ಓಡಿಬಂದರು.

“ಯಾರು ಇದನ್ನ ಹಾಕಿದ್ದು?”

“ನಾನೇ. ನಿಮ್ಮ ಕಂಪ್ಯೂಟರು ನೋಡಿರಬೇಕಲ್ಲ, ಮತ್ಯಾಕೆ ಕೇಳ್ತೀರಿ?”

“ತೆಗೀರಿ ದೊಡ್ಡಕ್ಕ. ತಪ್ಪು ಮಾಡದೋರಿಗೆ ಭಯ ಯಾಕೆ?”

“ಭಯ ಇದ್ದಿದ್ರೆ ಹಾಡಹಗಲು ಸ್ಟೂಲ್ ಹತ್ತುತಿದ್ನಾ ಸಾರ್? ನಾನು ಮಡಿಸಿದ ಹಾಸು ಎಣಿಸ್ಕೊಳ್ಳಿ, ಒಂದು ಕಮ್ಮಿಯಾದ್ರೂ ಕೇಳಿ. ನಾನೆಷ್ಟು ಸಲ ಟಾಯ್ಲೆಟ್ಟಿಗೆ ಹೋದೆ ಅನ್ನೋದು ನಿಮಗೆ ಬೇಡದ ವಿಚಾರ.”

“ಅಲ್ಲಿ ಯಾರ ಹೆಸರೂ ಇರಲ್ಲ. ಬರೀ ನಂಬರು.”

“ಬರೀ ನಂಬರಿಗೆ ವಿಶೇಷಾನಾ ಅಂತ ಹೇಗೆ ಕೇಳಿದ್ರಿ?”

ಮ್ಯಾನೇಜರು ಹಾಸನ್ನು ತೆಗೆಸಿ ಒಳಗೆ ಹೋದರು. ಸಂಜೆಯೊಳಗೆ ಪತ್ರ ಬಂತು: ಎರಡು ವಾರ ಕೆಲಸಕ್ಕೆ ಬರುವಂತಿಲ್ಲ. ಸಹಿ ಹಾಕುವ ಜಾಗದ ಮೇಲೆ ದೊಡ್ಡಕ್ಕ ದಪ್ಪಕ್ಷರದಲ್ಲಿ ಬರೆದಳು: ‘ಹೊದಿಸಿದ್ದು ನಿಜ. ಮತ್ತೆ ಇಟ್ಟರೆ ಮತ್ತೆ ಹೊದಿಸುತ್ತೇನೆ.’

ಮನೆಯಲ್ಲಿ ಮಾತ್ರ ಅವಳಿಗೆ ಕೈ ಕಟ್ಟಿ ಕೂರಲಾಗಲಿಲ್ಲ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಗತಿಯೇನು ಎಂಬ ಅಳುಕು ಬೇರೆ. ಬೀರುವಿನ ಬಟ್ಟೆಯನ್ನೆಲ್ಲ ಕೆಡವಿ ಮಡಿಸಿದಳು, ಮರುದಿನ ಮತ್ತೆ ಕೆಡವಿ ಮಡಿಸಿದಳು. “ಇನ್ನು ಉಳಿದಿರೋದು ನಾನೊಬ್ಬನೇ ಕಣೇ, ನನ್ನನ್ನೂ ಮಡಿಸಿ ಇಟ್ಬಿಡು” ಎಂದ ಗಂಡ. ಅವಳಿಗೆ ನಗು ತಡೆಯಲಾಗಲಿಲ್ಲ.

ಅತ್ತ ಲಾಂಡ್ರಿಯಲ್ಲಿ ಹಾಸು ತೆಗೆಸಿದ ಮರುದಿನವೇ ಕ್ಯಾಮೆರಾಕ್ಕೆ ಇನ್ನೊಂದು ಹಾಸು ಬಿದ್ದಿತ್ತು. ಯಾರೆಂದು ಹುಡುಕಬೇಕಾಗಲಿಲ್ಲ. ಕಣ್ಣು ಮುಚ್ಚುವ ಮುಂಚೆ ಕ್ಯಾಮೆರಾ ಕಂಡಿದ್ದು ಇಪ್ಪತ್ತೆರಡನೇ ನಂಬರನ್ನು. ಜೊತೆಗೆ ಸ್ಟೂಲು ಹಿಡಿದು ನಿಂತಿದ್ದ ನಾದಿನಿಯನ್ನು. ಮೂರನೆಯ ದಿನ ಏಳು ಜನ ಸಾಲಾಗಿ ನಿಂತು, “ನಮಗೂ ಪತ್ರ ಕೊಡಿ” ಎಂದರು. ಎಲ್ಲರನ್ನೂ ಮನೆಗೆ ಕಳಿಸಿದರೆ ಆಸ್ಪತ್ರೆಯ ಮಂಚಗಳಿಗೆ ಹಾಸು ಎಲ್ಲಿಂದ ಬರಬೇಕು? ಮಾಲೀಕರೇ ಬಂದರು. ಶೌಚಾಲಯದ ದಾರಿಯ ಕ್ಯಾಮೆರಾ ಕೆಳಗಿಳಿಯಿತು. ಯಾರು ಎಷ್ಟು ಸಲ ಹೋದರೆಂದು ಎಣಿಸುವುದಿಲ್ಲ ಎಂದು ಬರೆದು ಗೋಡೆಗೆ ಅಂಟಿಸಿದರು. ಕೆಲಸದ ಕೋಣೆಯ ಕ್ಯಾಮೆರಾಗಳು, ಬಾಗಿಲ ಪಕ್ಕದ ಪರದೆ ಹಾಗೇ ಉಳಿದವು.

ತಪ್ಪಾಯಿತೆಂದು ಬರೆದುಕೊಟ್ಟರೆ ನಾಳೆಯೇ ಬರಬಹುದು ಎಂದು ದೊಡ್ಡಕ್ಕನಿಗೆ ಹೇಳಿಕಳಿಸಿದರು. ಅವಳು ಬರೆಯಲಿಲ್ಲ. ಹದಿನಾಲ್ಕು ದಿನ ಮುಗಿಸಿಯೇ ಬಂದಳು.

ತಂಗಿಗೆ ಮೂರು ತಿಂಗಳು ತುಂಬಿತು. ನಾಲ್ಕು, ಐದೂ ದಾಟಿತು. ಗಂಡನ ಮುನಿಸೂ ಕರಗಿತ್ತು. ಆದರೂ ಒಂದು ದಿನ ಮೂಲೆ ಕೂಡಿಸುತ್ತ ಅವಳೆಂದಳು: “ನಾನೇ ಹೇಳಬೇಕಿತ್ತು ಅಕ್ಕಾ. ಆಗ ಅವರ ಮುಖ ಹೇಗಿರ್ತಿತ್ತೋ, ಅದನ್ನ ನೋಡಬೇಕಿತ್ತು.”

ದೊಡ್ಡಕ್ಕ ಅಂದೇ ಮ್ಯಾನೇಜರ ಮೇಜಿನ ಮುಂದೆ ಹೋಗಿ ನಿಂತಳು. ಇದುವರೆಗೆ ಬರೆದಿಟ್ಟುಕೊಂಡಿರುವ ಟಾಯ್ಲೆಟ್ಟಿನ ಲೆಕ್ಕವನ್ನೆಲ್ಲ ಕಂಪ್ಯೂಟರಿನಿಂದ ಅಳಿಸಬೇಕು ಎಂದು ಅರ್ಜಿ ಕೊಟ್ಟಳು. ಮರುವಾರ ಮತ್ತೆ ಹೋಗಿ ಕೇಳಿದಳು:

“ಅಳಿಸಿದ್ರಾ ಸಾರ್?”

“ನೋಡ್ತಾ ಇದೀವಿ ದೊಡ್ಡಕ್ಕ.”

“ನೋಡೋದು ನಿಮಗೆ ಚೆನ್ನಾಗಿ ಬರುತ್ತೆ. ನಾನು ಕೇಳಿದ್ದು ಅಳಿಸೋದು.”

ಅದರ ಮುಂದಿನ ವಾರವೂ ಹೋದಳು.