ಗುರುಶಾಂತವ್ವ ಹೊಡೆದುಹಾಕಿದ ಪುಟ

ಗುರುಶಾಂತವ್ವನಿಗೆ ಯಾವ ಪದ್ಯ ಕೊಟ್ಟರೂ ಅದರಲ್ಲಿ ಶಿವ ಸಿಗುತ್ತಿದ್ದ. ಕಾಗೆಯ ಮೇಲಿನ ಪದ್ಯ ಕೊಟ್ಟರೆ ಕಾಗೆಯೇ ಭಕ್ತನಾಗಿಬಿಡುತ್ತಿತ್ತು. ಬನವಾಸಿ ಕಡೆಯ ಮಠದಲ್ಲಿ ಪುರಾಣ ಕೇಳುತ್ತ ಬೆಳೆದವಳು. ಅಲ್ಲಿ ಹಾಡಿನಲ್ಲಿ ಬರುವ ಹೆಂಡತಿ ಎಂದರೆ ಭಕ್ತ, ಗಂಡ ಎಂದರೆ ಲಿಂಗ. ಬೇರೆ ಅರ್ಥ ಹೇಳುವ ಶಾಸ್ತ್ರಿಗಳನ್ನು ಅವಳು ಕಂಡೇ ಇರಲಿಲ್ಲ.

೧೯೫೯ರಲ್ಲಿ ನಾವಿಬ್ಬರೂ ಶಿರಸಿಯ ಒಂದು ಶಾಲೆಯಲ್ಲಿ ಹಂಗಾಮಿ ಅಕ್ಕೋರು; ಇದ್ದದ್ದು ಒಂದೇ ಬಾಡಿಗೆ ಕೋಣೆಯಲ್ಲಿ. ಕೆಲಸ ಕಾಯಂ ಆಗಬೇಕಾದರೆ ಶಿಕ್ಷಣ ಖಾತೆಯ ಪರೀಕ್ಷೆ ಪಾಸಾಗಬೇಕಿತ್ತು. ಅದರಲ್ಲೊಂದು ಪತ್ರಿಕೆ ವಿಚಿತ್ರದ್ದು. ಎಂದೂ ಕಾಣದ ಪದ್ಯವೊಂದನ್ನು ಮುಂದಿಟ್ಟು, ಅದು ಏನು ಹೇಳುತ್ತದೆ, ಹೇಗೆ ಹೇಳುತ್ತದೆ ಎಂದು ಒಂದೇ ತಾಸಿನಲ್ಲಿ ಬರೆಯಿರಿ ಎನ್ನುತ್ತಿದ್ದರು. ಹಿಂದಿನ ಸಲ ನಾನು ಹೇಗೋ ದಾಟಿಕೊಂಡಿದ್ದೆ. ನನಗೆ ಪದ್ಯದಲ್ಲಿ ದೇವರೂ ಕಾಣುವುದಿಲ್ಲ, ದೆವ್ವವೂ ಕಾಣುವುದಿಲ್ಲ. ಉಳಿದದ್ದರಲ್ಲೆಲ್ಲ ಗಟ್ಟಿಯಿದ್ದ ಗುರುಶಾಂತವ್ವ ಅದೊಂದರಲ್ಲೇ ನಪಾಸಾದಳು.

ಈ ಸಲವೂ ನಪಾಸಾದರೆ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಉಡಿಕೆ. ಗಂಡ ತೀರಿಹೋದವಳಿಗೆ ಮತ್ತೊಬ್ಬ ಸೀರೆ ಉಡಿಸಿ ಮನೆಗೆ ಕರೆದುಕೊಳ್ಳುವ ಪದ್ಧತಿ ಅವರಲ್ಲಿ ಉಂಟು. ಅವಳ ಅಣ್ಣ ಅಂದಾನಪ್ಪ ದಾಸನಕೊಪ್ಪದ ಕಡೆ ಹೆಂಡತಿ ಸತ್ತ ಒಬ್ಬನನ್ನು ಆಗಲೇ ನೋಡಿಟ್ಟಿದ್ದ. “ಪಾಸಾದಿ ಅಂದ್ರ ನಿನ್ನ ಮಾತು. ಇಲ್ಲಂದ್ರ ನನ್ನ ಮಾತು” ಎಂದು ಅವಳಿಂದ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದ. ಕೆಟ್ಟವನಲ್ಲ. ತಂಗಿ ಒಂಟಿಯಾದಳೆಂದು ಅವನಿಗೆ ನಿಜವಾಗಿಯೂ ಸಂಕಟ. ಆ ಸಂಕಟ ಕಂಡರೇ ನನಗೆ ಮೈ ಉರಿಯುತ್ತಿತ್ತು.

ನಿವೃತ್ತರಾಗಿದ್ದ ಸಂಗಯ್ಯ ಮಾಸ್ತರರು ಪಕ್ಕದ ಓಣಿಯಲ್ಲಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಅವರಲ್ಲಿಗೆ ಹೋಗುತ್ತಿದ್ದೆವು. ಅವರು ಎಲ್ಲಿಂದಲೋ ಒಂದು ಪದ್ಯ ಹುಡುಕಿ ಕೊಟ್ಟು, ಅಲಾರಾಂ ಗಡಿಯಾರಕ್ಕೆ ಕೀಲಿ ಕೊಟ್ಟು ಎದುರಿಗೆ ಇಡುತ್ತಿದ್ದರು. ಅದು ಬಡಿದುಕೊಂಡಾಗಲೆಲ್ಲ ಗುರುಶಾಂತವ್ವ ಬೆಚ್ಚಿಬಿದ್ದು ಶಾಯಿ ಚೆಲ್ಲುತ್ತಿದ್ದಳು. ಬರೆದದ್ದನ್ನು ಓದಿ ಮಾಸ್ತರರು ಕನ್ನಡಕ ತೆಗೆಯುತ್ತಿದ್ದರು.

“ಇದರಾಗ ಶಿವ ಎಲ್ಲಿ ಅದಾನವಾ?”

“ಬಾಗಿಲದಾಗ ಕುಂತಾಕಿ ಭಕ್ತ ಅಲ್ಲೇನ್ರಿ ಸರ?”

“ಅಲ್ಲ. ಒಬ್ಬಾಕಿ ಹೆಣ್ಮಗಳು ಬಾಗಿಲದಾಗ ಕುಂತಾಳ, ಅಷ್ಟ. ಯಾಕ ಕುಂತಾಳ, ಅದನ್ನ ನೋಡು.”

“ಗಂಡನ್ನ ಬರೇ ಗಂಡ ಅಂತ ಹೆಂಗ ಬರೀಲ್ರಿ? ಕೈ ಬರವಲ್ದು” ಎಂದು ಅವಳು ತಲೆ ತಗ್ಗಿಸುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಂತೆ ಅವಳ ಊಟ ನಿದ್ದೆ ಎರಡೂ ಕೆಟ್ಟವು. ಜಾಹೀರಾತಿನ ಸಾಲು ಕಂಡರೂ ನಿಂತು ಅರ್ಥ ಬಿಡಿಸತೊಡಗಿದಳು. “ಬಟ್ಟೆ ಸೋಪಿಗೂ ಮೋಕ್ಷ ಕೊಡ್ತೀಯ ಮಾರಾಯ್ತಿ?” ಎಂದು ನಾನು ಕೆಣಕಿದರೆ ಮೊದಲಿನಂತೆ ನಗಲಿಲ್ಲ.

ಪರೀಕ್ಷೆ ಯಲ್ಲಾಪುರದಲ್ಲಿ. ಜೊತೆಗೆ ನಾನೂ ಹೋದೆ. ಜಗಲಿಯಲ್ಲಿ ಕೂತ ನನಗೆ ಕಿಟಕಿಯಿಂದ ಅವಳು ಕಾಣುತ್ತಿದ್ದಳು. ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ಸರಸರ ಬರೆಯತೊಡಗಿದಳು. ಅಷ್ಟು ಸಲೀಸಾಗಿ ಬರೆಯುತ್ತಿದ್ದಾಳೆಂದರೆ ಮತ್ತೆ ಶಿವನೇ ಬಂದ ಎಂದುಕೊಂಡೆ.

ಅರ್ಧ ಹೊತ್ತಾಯಿತೆಂದು ಗಂಟೆ ಹೊಡೆದರು. ಅವಳ ಪೆನ್ನು ನಿಂತಿತ್ತು. ಪದ್ಯವನ್ನೇ ನೋಡುತ್ತ ಕೂತುಬಿಟ್ಟಳು. ಪಕ್ಕದವರೆಲ್ಲ ಹಾಳೆ ಮಗುಚುತ್ತಿದ್ದರು. ಕೂಗಿ ಎಚ್ಚರಿಸೋಣವೆಂದರೆ ಮೇಲ್ವಿಚಾರಕರು ನನ್ನ ಕಡೆಯೇ ಕಣ್ಣಿಟ್ಟಿದ್ದರು. ಆಗ ಅವಳು ಬರೆದ ಪುಟದ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ಎಲ್ಲವನ್ನೂ ಹೊಡೆದುಹಾಕಿದಳು. ಮುಗಿಯಿತು ಇವಳ ಕಥೆ ಎಂದು ನಾನು ಮುಖ ತಿರುಗಿಸಿದೆ. ಮತ್ತೆ ನೋಡುವಾಗ ಅವಳು ಬರೆಯುತ್ತಿದ್ದಳು. ಕಡೆಯ ಗಂಟೆ ಹೊಡೆದಾಗಲೂ ಬರೆಯುತ್ತಲೇ ಇದ್ದಳು. ಹಾಳೆಯನ್ನು ಕೈಯಿಂದ ಕಿತ್ತುಕೊಳ್ಳಬೇಕಾಯಿತು.

ಹೊರಗೆ ಬಂದು ಪದ್ಯ ಹೇಳಿದಳು. ಸಂಜೆ ಗಾಡಿಯ ಸದ್ದು ಕೇಳಿ ಒಬ್ಬಳು ಬಾಗಿಲು ತೆರೆಯುತ್ತಾಳೆ. ಗಾಡಿ ನಿಲ್ಲದೆ ಮುಂದೆ ಹೋಗುತ್ತದೆ. ಅವಳು ಬಾಗಿಲು ಹಾಕಿ, ಬಿಸಿ ಅನ್ನ ಬಡಿಸಿಕೊಂಡು ಉಣ್ಣುತ್ತಾಳೆ. ಇಷ್ಟೇ.

“ಭಕ್ತನ ಹಂಬಲ ಅಂತ ಪುಟ ತುಂಬ ಬರದೆ. ಅನ್ನ ಪ್ರಸಾದ ಅಂತ ಬರೀಬೇಕಂದ್ರ ಪೆನ್ನು ಮುಂದ ಹೋಗಲಿಲ್ಲ ವಿನೋದಾ. ಅವರು ಇರೂತನಕ ನಾ ಬಿಸಿ ಅನ್ನ ಉಂಡಾಕಿ ಅಲ್ಲ. ಅವರು ಬಂದು, ಉಂಡು, ಬೈದು, ಮಲಗಿದ ಮ್ಯಾಲೆ ತಣ್ಣಂದು ಉಣ್ತಿದ್ದೆ.”

ನಮ್ಮ ಕೋಣೆಯಲ್ಲಿ ಒಲೆಯಿಂದ ಇಳಿಸಿದ ಅನ್ನವನ್ನು ಊದಿ ಊದಿ ಉಣ್ಣುತ್ತಿದ್ದಳು; ಹಸಿವು ತಡೆಯದವಳು ಎಂದುಕೊಂಡಿದ್ದೆ. ಅಳು ಬಂತು.

ಪಾಸಾದಳು. ಸುದ್ದಿ ತಿಳಿದು ಅಂದಾನಪ್ಪ ಬಂದ. ಕೊಟ್ಟ ಮಾತು ಮೀರುವವನಲ್ಲ, ಆದರೂ ಇನ್ನೊಮ್ಮೆ ವಿಚಾರ ಮಾಡು ಎನ್ನಲು ಬಂದಿದ್ದ. ಚಹಾ ಕುಡಿಯುತ್ತ, ಅದೇನು ಪದ್ಯ ಕೇಳಿದ್ದರು ಎಂದ. ಅವಳು ಹೇಳಿದಳು. ಅವನು ಮಠದಲ್ಲಿ ಕೂತವನಂತೆ ಕಣ್ಣು ಮುಚ್ಚಿಕೊಂಡ.

“ಜೀವ ಶಿವನ ಹಾದಿ ಕಾಯ್ತದ. ಎಷ್ಟು ಛಂದ ಹೇಳ್ಯಾರ.”

“ಇಲ್ಲಣ್ಣ” ಎಂದಳು ಗುರುಶಾಂತವ್ವ. “ಗಾಡಿ ಮುಂದ ಹೋತೋ ಇಲ್ಲೋ, ಖಾತ್ರಿ ಮಾಡ್ಕೊಳ್ಳಾಕ ಬಾಗಿಲಾ ತಗದ್ಲು.”

ಅಂದಾನಪ್ಪ ಕಣ್ಣು ಬಿಟ್ಟ. ಚಹಾ ಅರ್ಧಕ್ಕೇ ಕೆಳಗಿಟ್ಟು ತಂಗಿಯನ್ನು ನೋಡಿದ.

“ಅಂವಾ ನಿನ್ನ ಹೊಡೀತಿದ್ದನೇನು?”

“ಅದು ಪದ್ಯದಾಗ ಇಲ್ಲಣ್ಣ.”

ಅವನು ರುಮಾಲು ಸುತ್ತಿಕೊಂಡು ಎದ್ದು, ಈ ಸಂಬಂಧ ಬೇಡವೆಂದು ದಾಸನಕೊಪ್ಪದವರಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದು ಬಸ್ಸಿಗೆ ಹೋದ.