ಬಂದ ಹಾಗೇ ಹೋದ ತಟ್ಟೆ

ನನ್ನ ತಮ್ಮನಿಗೆ ಪರದೇಶದ ಸಿನಿಮಾ ನೋಡುವ ಚಪಲ, ಓದುವುದಕ್ಕೆ ಸೋಮಾರಿತನ. ಹಾಗಾಗಿ ಭಾನುವಾರ ಮಧ್ಯಾಹ್ನ ಹಿರಿಯೂರಿನ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತು, ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಅವನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮೂವತ್ತು ವರ್ಷ ಮೇಷ್ಟ್ರು ಕೆಲಸ ಮಾಡಿದ್ದಕ್ಕೆ ಪಿಂಚಣಿಯ ಜೊತೆ ಬಂದ ಶಿಕ್ಷೆ ಇದು.

ಆ ಭಾನುವಾರದ ಚಿತ್ರ ಜರ್ಮನಿಯ ಒಂದು ಯಹೂದಿ ಮನೆಯದು. ನಾತ್ಸಿಗಳು ತಲೆಯೆತ್ತುತ್ತಿರುವ ಕಾಲ. ದೊಡ್ಡ ಮಗ ದೇಶ ಬಿಡೋಣ ಎನ್ನುತ್ತಾನೆ. ಹಿಂದಿನ ಯುದ್ಧದಲ್ಲಿ ಅದೇ ದೇಶಕ್ಕಾಗಿ ಹೋರಾಡಿ ಪದಕ ಪಡೆದ ಅಪ್ಪ, ಇದೆಲ್ಲ ನಾಲ್ಕು ದಿನದ ಗಲಾಟೆ ಎನ್ನುತ್ತಾನೆ. ಮಗಳು ಬೇರೆ ಮತದವನನ್ನು ಮದುವೆಯಾಗಿದ್ದಾಳೆ, ಆ ಗಂಡ ಹೋಗಿ ನಾತ್ಸಿಗಳ ಕಡೆ ಸೇರುತ್ತಾನೆ. ಒಂದೇ ಮೇಜಿನಲ್ಲಿ ಉಂಡವರು ದಿಕ್ಕಿಗೊಬ್ಬರಾಗುತ್ತಾರೆ.

ಮಗಳ ಹುಟ್ಟುಹಬ್ಬಕ್ಕೆ ಅಪ್ಪ ಕೇಕಿನ ಡಬ್ಬಿ ಹಿಡಿದು ಅವಳ ಮನೆಗೆ ಬಂದ. ಅಳಿಯ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ. ಅವಳು ಕಿಟಕಿಯ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ನನ್ನ ತಮ್ಮ ಕಣ್ಣೊರೆಸಿಕೊಂಡ.

"ಥೂ, ಎಂಥ ಜನ ಅಕ್ಕಾ! ಮುದುಕನ್ನ ಹಂಗೆ ಕಳ್ಸೋದಾ?"

ನನಗೆ ಮೈ ಉರಿದುಹೋಯಿತು.

ನಮ್ಮ ಗೋಡೆಯಾಚೆ ಹಾಸಿಗೆ ಹೊಲಿಯುವ ಮುಸ್ಲಿಂ ಕುಟುಂಬವೊಂದು ಅಜ್ಜನ ಕಾಲದಿಂದ ಇತ್ತು. ಆ ಮನೆಯಾಕೆಯನ್ನು ನಾನು ಆಪಾ ಎನ್ನುತ್ತಿದ್ದೆ. ಅವರ ಮನೆಯಲ್ಲಿ ಬೇಯಿಸಿದ್ದನ್ನು ನಾವು ತಿನ್ನುವುದಿಲ್ಲವೆಂದು, ರಂಜಾನಿಗೆ ಒಣ ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿಯನ್ನು ತಟ್ಟೆಯಲ್ಲಿಟ್ಟು, ಮೇಲೆ ಕಸೂತಿ ಬಟ್ಟೆ ಮುಚ್ಚಿ ಆಪಾ ತಾವೇ ತರುತ್ತಿದ್ದರು. ಪಾಯಸ ನಮ್ಮ ಒಲೆಯಲ್ಲಿ ಆಗುತ್ತಿತ್ತು. ತಟ್ಟೆ ಬರಿದಾಗಿ ಹಿಂದಕ್ಕೆ ಹೋಗಬಾರದೆಂದು ಅಮ್ಮ ಅದರಲ್ಲಿ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಇಟ್ಟು ಕಳಿಸುತ್ತಿದ್ದಳು. ಅಮ್ಮ ಹೋದ ಮೇಲೆ ನಾನೂ ಹಾಗೇ ನಡೆಸಿಕೊಂಡು ಬಂದೆ.

ಮೂರು ವರ್ಷದ ಹಿಂದಿನ ರಂಜಾನಿಗೆ, ಮೊಬೈಲಿನಲ್ಲಿ ಏನೇನೋ ನೋಡಿ ತಲೆ ಕೆಡಿಸಿಕೊಂಡಿದ್ದ ಇದೇ ತಮ್ಮ ಆಪಾರನ್ನು ಬಾಗಿಲಲ್ಲಿ ನಿಲ್ಲಿಸಿದ. "ಇನ್ಮೇಲೆ ಇವೆಲ್ಲ ಬ್ಯಾಡ್ರಿ, ತಗಂಡ್ ಹೋಗ್ರಿ" ಎಂದ. ತಟ್ಟೆ ತುಂಬಿದ್ದ ಹಾಗೇ ಹೋಯಿತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಆರಿಸಿಟ್ಟಿದ್ದ ತೆಂಗಿನಕಾಯಿ ಆಗಲೇ ಕೈಯಲ್ಲಿತ್ತು. ಆಚೆ ಬರಲಿಲ್ಲ. ಹಬ್ಬದ ದಿನ ಬೀದಿಗೆ ಕೇಳುವ ಹಾಗೆ ಜಗಳ ಯಾಕೆ ಎಂದುಕೊಂಡೆ. ನನ್ನ ಹೇಡಿತನಕ್ಕೆ ಅಷ್ಟು ನೆಪ ಸಾಕಾಯಿತು.

ಆ ವರ್ಷವೇ ಅವರು ಮನೆ ಖಾಲಿ ಮಾಡಿಕೊಂಡು ಚಿತ್ರದುರ್ಗಕ್ಕೆ ಹೋದರು. ಅಲ್ಲಿ ವ್ಯಾಪಾರ ಚೆನ್ನಾಗಿದೆಯಂತೆ ಎಂದು ಬೀದಿಯವರು ಮಾತಾಡಿಕೊಂಡರು. ನಾನೂ ತಲೆಯಾಡಿಸಿದೆ.

ಚಿತ್ರದ ಕೊನೆಯಲ್ಲಿ, ಅಪ್ಪ ಎಲ್ಲಿದ್ದಾನೋ ಯಾರಿಗೂ ತಿಳಿಯದಾದ ಮೇಲೆ, ಆ ಮಗಳು ಅಣ್ಣನಿಗೆ ಹೇಳುತ್ತಾಳೆ: ಅಪ್ಪ ಬಂದಿದ್ದು ನನಗೆ ಗೊತ್ತೇ ಆಗಲಿಲ್ಲ. ಅದನ್ನು ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

"ಏನಂದ್ಲಕ್ಕಾ?"

"ಅದಿರ್ಲಿ, ಆಪಾ ತಟ್ಟೆ ತಂದಾಗ ನೀನೇನಂದೆ? ಅದನ್ ಹೇಳು ಮೊದ್ಲು."

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಯಾವ ತಟ್ಟೆ?" ಎಂದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನೆನಪು ಮಾಡಿಕೊಟ್ಟಾಗ, "ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?" ಎಂದ. ಹಿರಿಯೂರು ಜರ್ಮನಿ ಅಲ್ಲ, ಅಷ್ಟು ನನಗೂ ಗೊತ್ತು. ಆದರೆ ಆ ಕಿಟಕಿ ನನಗೆ ಚೆನ್ನಾಗಿ ಗೊತ್ತಿರುವ ಕಿಟಕಿ.

ಮರುದಿನ ಬೆಳಿಗ್ಗೆ ತೆಂಗಿನಕಾಯಿ, ಬೆಲ್ಲ ಚೀಲಕ್ಕೆ ಹಾಕಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಕೇಳಿಕೊಂಡು ಮನೆ ಹುಡುಕಿದೆ. ಆಪಾರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಅಕ್ಕಾ, ಕುಂತ್ಕಳ್ರಿ" ಎಂದು ಒಳಗೆ ಹೋಗಿ ಎರಡು ಬಾಳೆಹಣ್ಣು ತಂದಿಟ್ಟರು. ಬೇಯಿಸಿದ್ದು ನನಗೆ ಆಗುವುದಿಲ್ಲವೆಂಬುದನ್ನು ಇನ್ನೂ ಮರೆತಿರಲಿಲ್ಲ. "ಟೀ ಮಾಡ್ರಿ ಆಪಾ, ಕುಡೀತೀನಿ" ಎಂದೆ. ಅವರು ನನ್ನ ಮುಖ ನೋಡಿ, ಒಳಗೆ ಹೋಗಿ ಮಾಡಿ ತಂದರು. ಅಷ್ಟು ವರ್ಷ ಪಕ್ಕದಲ್ಲಿದ್ದು ಅವರ ಮನೆಯಲ್ಲಿ ನಾನು ಕುಡಿದ ಮೊದಲ ಟೀ.

ಕ್ಷಮಿಸಿ ಎನ್ನಲೆಂದೇ ಹೋಗಿದ್ದೆ. ಬಾಯಿಂದ ಬಂದದ್ದೇ ಬೇರೆ. "ಅವತ್ತು ನಾನು ಒಳಗಿದ್ದೆ ಆಪಾ. ನೀವ್ ಬಂದಿದ್ದು ನಂಗೆ ಗೊತ್ತೇ..."

ಆಪಾ ನನ್ನ ಕೈ ಹಿಡಿದುಕೊಂಡರು.

"ಕಿಟಕ್ಯಾಗೆ ನಿಮ್ಮನ್ನ ನೋಡಿದ್ದೆ ಅಕ್ಕಾ. ಕೈಯಾಗೆ ತೆಂಗಿನಕಾಯಿ ಇತ್ತು. ಬರ್ತೀರೇನೋ ಅಂತ ಗೇಟಿನ ತಾವ ಒಂದಿಷ್ಟು ಹೊತ್ತು ನಿಂತಿದ್ದೆ."